ಬಾಗಿಲ ಕೆಳಗಿನ ಸಂದಿ

ಪಕ್ಕದ ಮುದುಕ ನೀರಿನ ಬಾಟಲಿಗೆ ಅಂಟಿಸಿದ ಕಾಗದವನ್ನು ಉಗುರಿನಿಂದ ಕೆರೆಯುತ್ತಿದ್ದಾನೆ, ಕರ್ ಕರ್, ಒಂದು ಮೂಲೆ ಎದ್ದಿದೆ, ಪೂರ್ತಿ ಕಿತ್ತುಬಿಡಬಾರದೇ, ಕಸಿದುಕೊಂಡು ನಾನೇ ಕಿತ್ತುಬಿಡಲೇ, ಬೇಡ, ಇಲ್ಲಿ ಎಲ್ಲರೂ ನೋಡುತ್ತಾರೆ, ಮನೋವೈದ್ಯರು ಎಂದು ಹಲಗೆ ಹಾಕಿದ ಬಾಗಿಲ ಮುಂದೆ ಸುಮ್ಮನೆ ಕೆಮ್ಮಿದರೂ ಅದು ಲೆಕ್ಕಕ್ಕೆ ಬರುತ್ತದೆ — ಆ ಬಾಗಿಲು ಮುಚ್ಚಿದೆ, ಒಳಗೆ ಅಕ್ಕ ಇದ್ದಾಳೆ, ಡಾಕ್ಟರ ಜೊತೆ, ನನ್ನ ಬಗ್ಗೆ ಮಾತಾಡುತ್ತಾ, ನಾನಿಲ್ಲದೆ. ಬಾಗಿಲಿಗೂ ನೆಲಕ್ಕೂ ನಡುವೆ ಎರಡು ಬೆರಳಿನಷ್ಟು ಸಂದಿ, ಸಂದಿಯಲ್ಲಿ ಬೆಳಕು, ಬೆಳಕಿನಲ್ಲಿ ಅಕ್ಕನ ಚಪ್ಪಲಿ. ಒಳಗೆ ಎರಡು ಕುರ್ಚಿ ಇದ್ದವು, ಒಂದು ಡಾಕ್ಟರ ಮೇಜಿನ ಎದುರಿಗೆ ನೆಟ್ಟಗೆ, ಇನ್ನೊಂದು ಬಾಗಿಲಿಗೆ ಒತ್ತಿಕೊಂಡು ಅಡ್ಡಡ್ಡ, ಇವಳು ಹೋಗಿ ಕೂತದ್ದು ಬಾಗಿಲ ಹತ್ತಿರದ್ದರಲ್ಲಿ, ನಾನು ನೋಡಿದೆನಲ್ಲ, ಎದ್ದು ಹೋಗುವುದಕ್ಕೆ ಸುಲಭವಾಗಲಿ ಅಂತ, ಇನ್ಯಾಕೆ. ಇವತ್ತು ಇವಳು ನನ್ನಿಂದ ಕೈ ತೊಳೆದುಕೊಳ್ಳುತ್ತಾಳೆ. ಸಾಕಾಗಿದೆ ಕಣೇ, ಎಷ್ಟು ದಿನ ಅಂತ, ಎಂದು ಭಾವ ಬೆಳಿಗ್ಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು, ಅಕ್ಕ ನಲ್ಲಿ ತಿರುಗಿಸಿದ್ದೂ ಕೇಳಿಸಿತು. ನಲ್ಲಿ ತಿರುಗಿಸಿದಳು, ಅಷ್ಟೇ.

ಏನು ಹೇಳ್ತಿದ್ದೀಯ ಎಂದು ಅವಳಿಗೆ ಮೆಸೇಜು ಕಳಿಸಿದೆ, ನನ್ನ ತೊಡೆಯ ಮೇಲೇ ಗುಂಯ್ ಎಂದಿತು, ಅವಳ ಚೀಲ ನನ್ನ ಹತ್ತಿರವೇ ಇದೆ, ಹಿಡ್ಕೋ ಬರ್ತೀನಿ ಎಂದು ಕೊಟ್ಟು ಹೋಗಿದ್ದಾಳೆ, ಫೋನು ಅದರೊಳಗೆ, ಮುದುಕ ತಿರುಗಿ ನೋಡಿದ, ನೋಡಲಿ, ಇವನೊಬ್ಬ ಬಾಕಿ ಇದ್ದ. ಬಸ್ಸಿನಲ್ಲೂ ಎಲ್ಲರೂ ನೋಡಿದರು, ಬಲಗಡೆ ಕೂದಲು ಕಿವಿಯವರೆಗೆ, ಎಡಗಡೆ ಭುಜದವರೆಗೆ, ಊರಿನವರಿಗೆಲ್ಲ ಹದವಾಗಿ ಕೂದಲು ಕತ್ತರಿಸುವವಳ ತಲೆ ಇದು, ಚೆನ್ನಾಗಿದೆ. ನಮ್ಮ ಪಾರ್ಲರಿಗೆ ಬರುವ ಬ್ಯಾಂಕಿನ ಮೇಡಂ ಇದ್ದಾರಲ್ಲ, ಬೇಸಿನ್ನಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡು, ನಿನ್ನ ಕೈ ಬಿಟ್ಟು ಬೇರೆಯವರಿಗೆ ತಲೆ ಕೊಡಲ್ಲ ಕಣೇ ಅನ್ನುತ್ತಿದ್ದರು, ಆ ಮಾತನ್ನು ನಾನು ವಾರವಿಡೀ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದೆ, ಅವರಂಥವರು ಲೋಕದಲ್ಲಿಲ್ಲ, ಅವರಿಗಾಗಿ ಪ್ರಾಣ ಬೇಕಾದರೂ ಕೊಡುತ್ತೇನೆ. ಮೊನ್ನೆ ಬಂದವರು ನನ್ನ ಪಕ್ಕ ಕೆಲಸ ಮಾಡುವ ಹುಡುಗಿಯ ಕುರ್ಚಿಯಲ್ಲಿ ಕೂತರು. ನೀನು ಬಿಡುವಿಲ್ದೆ ಇದ್ದೆಯಲ್ಲ ಅಂದರು ನಗುತ್ತಾ. ಎದೆಯೊಳಗೆ ಯಾರೋ ದೀಪ ಆರಿಸಿದ ಹಾಗಾಯಿತು, ಆಮೇಲೆ ಮೈಯೆಲ್ಲ ಉರಿ, ಆಮೇಲೆ ಕನ್ನಡಿಯಲ್ಲಿ ನನ್ನದೇ ಕೈ, ಕತ್ತರಿ, ನೆಲದ ಮೇಲೆ ನನ್ನದೇ ಕೂದಲು. ಪಾರ್ಲರಿನ ಯಜಮಾನಿ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಬಂದು ಕೂದಲನ್ನು ಗುಡಿಸಿ, ಬಾ ಹೋಗೋಣ ಅಂದಳು, ಅಷ್ಟೇ, ಒಂದು ಬೈಗುಳವೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮೊದಲಿನ ಡಾಕ್ಟರು ಖಿನ್ನತೆ ಅಂದರು, ಮಾತ್ರೆ ನುಂಗಿದೆ, ಎರಡನೆಯವರು ಮನಸ್ಸಿನ ಏರಿಳಿತದ ಕಾಯಿಲೆ ಅಂದರು, ಇನ್ನೊಬ್ಬ ಮಹಾಶಯರು ಒಂದು ಮದುವೆ ಮಾಡಿ ಎಲ್ಲಾ ಸರಿಹೋಗುತ್ತೆ ಅಂದರು, ಅವರ ಹೆಂಡತಿಯ ಪಾಡು ನೆನೆದು ಅಕ್ಕನೂ ನಾನೂ ಮೆಟ್ಟಿಲ ಮೇಲೆ ಕೂತು ನಕ್ಕದ್ದೇ ನಕ್ಕದ್ದು. ಈ ಡಾಕ್ಟರಮ್ಮ ಮಾತ್ರ ಕಾಯಿಲೆಗೆ ಆತುರದಿಂದ ಹೆಸರಿಡುವುದಿಲ್ಲ, ಕೇಳುತ್ತಲೇ ಇರುತ್ತಾರೆ. ಸಿಟ್ಟು, ಭಯ ಎಲ್ಲರಿಗೂ ಇರುತ್ತೆ, ಅದೇ ಕಾಯಿಲೆ ಅಲ್ಲ ಅಂದರು. ಇದಕ್ಕೆ ರಕ್ತ ಪರೀಕ್ಷೆ ಇಲ್ಲ. ಹರೆಯದಿಂದಲೂ ಹೀಗೇ ಇದೆಯಾ, ಮನೆ, ಕೆಲಸ, ಸ್ನೇಹ ಎಲ್ಲಾ ಕಡೆ ಹೀಗೇ ಆಗುತ್ತಾ, ಬದುಕನ್ನೇ ಕೆಡಿಸ್ತಿದೆಯಾ, ಅದನ್ನ ನೋಡ್ಬೇಕು. ನಿಮ್ಮನ್ನ ಚಿಕ್ಕಂದಿನಿಂದ ಬಲ್ಲವರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ನಿಮ್ಮ ಒಪ್ಪಿಗೆ ಇದ್ರೆ ಮಾತ್ರ. ಇದೆ ಅಂದೆ, ಯಾಕೆ ಅಂದೆನೋ. ವ್ಯಕ್ತಿತ್ವದ ತೊಂದರೆ ಇರಬಹುದು ಅಂದರು ಹೋದ ಸಲ. ಜ್ವರ ಬಂದರೆ ಬಿಡುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ವ್ಯಕ್ತಿತ್ವವೇ ತೊಂದರೆಯಾದರೆ ಬಿಟ್ಟು ಹೋಗಬೇಕಾದವಳು ನಾನೇ ತಾನೇ. ಮಾತಿನ ಚಿಕಿತ್ಸೆ ಇದೆ, ನಿಧಾನ, ಆದರೆ ಜನ ಸುಧಾರಿಸ್ತಾರೆ ಎಂದೂ ಹೇಳಿದರು, ನನ್ನ ಕಿವಿಗೆ ಬಿದ್ದದ್ದು ನಿಧಾನ ಎನ್ನುವುದೊಂದೇ. ಅದಕ್ಕೇ ಬಸ್ಸಿನಲ್ಲಿ ಅಕ್ಕನ ಕೈ ಹಿಡಿದು ಹೇಳಿದೆ, ಚಿಕ್ಕಂದಿನಿಂದ ಅಂತ ಹೇಳ್ಬೇಡ ಅಕ್ಕಾ, ಇತ್ತೀಚೆಗೆ ಶುರುವಾಯ್ತು ಅನ್ನು, ನನ್ನಾಣೆ. ಅವಳು ಕಿಟಕಿಯ ಆಚೆ ನೋಡುತ್ತಾ, ನೋಡೋಣ ಅಂದಳು. ಅವಳು ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ, ಚಿಕ್ಕಂದಿನಿಂದ ನಾನೂ ಅವಳನ್ನು ಬಲ್ಲೆ.

ಚಪ್ಪಲಿ ಎಲ್ಲಿ. ಸಂದಿಯಲ್ಲಿ ಬರೀ ಬೆಳಕು. ಒಳಗೆ ಇನ್ನೊಂದು ಬಾಗಿಲಿದೆಯೇ, ಆಸ್ಪತ್ರೆಯ ಕೋಣೆಗಳಿಗೆ ಹಿಂದೊಂದು ಬಾಗಿಲು ಇರುತ್ತದೆ, ಅಲ್ಲಿಂದ ಹಾಗೇ ಹೊರಟುಹೋದಳೇ, ಚೀಲ ಇಲ್ಲಿದೆಯಲ್ಲ, ಚೀಲದ ಆಸೆ ಬಿಟ್ಟರೆ ಆಯಿತು, ನನ್ನ ಕಾಟ ತಪ್ಪುತ್ತದೆ ಎಂದರೆ ಒಂದು ಚೀಲ ಯಾವ ಮಹಾ. ಎದ್ದೆ. ಕೂತ್ಕೊಳ್ಳಿ ಅಮ್ಮಾ, ಕರೀತಾರೆ, ಎಂದಳು ಬಾಗಿಲು ಕಾಯುವ ಆಯಾ. ಕೂತೆ. ಕರ್ ಕರ್. ಹಳೆಯ ಬಾಡಿಗೆ ಮನೆಯ ಬಚ್ಚಲಿನ ತಗಡಿನ ಬಾಗಿಲು, ಅದರ ಕೆಳಗೂ ಇಷ್ಟೇ ಸಂದಿ, ಅಮ್ಮ ಎರಡು ಪಾಳಿ ದುಡಿಯಲು ಹೋದರೆ ನನಗೆ ಅಕ್ಕನೇ ಗತಿ, ಅವಳು ಸ್ನಾನಕ್ಕೆ ಹೋದರೂ ನಾನು ಹೊರಗೆ ನೆಲಕ್ಕೆ ಮಲಗಿ ಸಂದಿಯಲ್ಲಿ ಬೆರಳು ತೂರಿಸಿಕೊಂಡು, ಇದ್ದೀಯಾ ಅಕ್ಕಾ, ಇದ್ದೀಯಾ ಅಕ್ಕಾ — ಇದ್ದೀನಿ ಕಣೇ ಪಿಶಾಚಿ, ಎಲ್ಲಿ ಹೋಗ್ಲಿ, ಎನ್ನುತ್ತಾ ಅವಳು ಒಳಗಿನಿಂದ ಕಾಲಿನ ಹೆಬ್ಬೆರಳನ್ನು ತಂದು ನನ್ನ ಬೆರಳ ಮೇಲಿಡುತ್ತಿದ್ದಳು, ಒದ್ದೆ ಹೆಬ್ಬೆರಳು, ಸೋಪಿನ ನೊರೆ, ಜೊತೆಗೇ ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು, ನಾನು ಅಳು ನಿಲ್ಲಿಸುತ್ತಿದ್ದೆ. ಅವಳಿಗೂ ಆಗ ಎಷ್ಟು ವಯಸ್ಸು, ಅವಳೂ ಮಗುವೇ.

ಒಳಗೆ ದನಿ ಏರಿತು, ಅಕ್ಕನದು, ಇದ್ದಾಳೆ, ಇನ್ನೂ ಇದ್ದಾಳೆ. ಚೀಲ ಬೇಕೆಂದೇ ಬೀಳಿಸಿದೆ, ಎತ್ತಿಕೊಳ್ಳುವ ನೆಪದಲ್ಲಿ ಬಾಗಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತೆ, ಆಯಾ ಏನೋ ಅಂದಳು, ಅಕ್ಕನ ಮಾತು ಈಗ ನೆಲದ ಮೇಲೆ ಹರಿದು ಬಂದ ಹಾಗೆ ಸ್ಪಷ್ಟ, ಹೌದು ಡಾಕ್ಟ್ರೇ, ಚಿಕ್ಕಂದಿನಿಂದಲೂ. ಬಚ್ಚಲಿಗೆ ಹೋದ್ರೂ ಬಿಡ್ತಿರ್ಲಿಲ್ಲ. ಈಗಲೂ ಹಾಗೇ. ಹೇಳಿಬಿಟ್ಟಳು, ಆಣೆ ಹಾಕಿದ್ದೆ, ಆದರೂ ಹೇಳಿಬಿಟ್ಟಳು, ಮೋಸಗಾರ್ತಿ, ಇನ್ನು ಇವಳ ಮುಖ ನೋಡುವುದಿಲ್ಲ, ಚೀಲವನ್ನು ಇಲ್ಲೇ ಎಸೆದು ಹೋಗಿಬಿಡುತ್ತೇನೆ, ಎಲ್ಲಿಗಾದರೂ, ಎಂದು ಏಳಬೇಕು, ಆಗ ಸಂದಿಯಲ್ಲಿ ಏನೋ ಅಲುಗಿತು, ಚಪ್ಪಲಿ ಅಲ್ಲ, ಚಪ್ಪಲಿ ಕಳಚಿಟ್ಟ ಕಾಲು, ಅಡ್ಡಡ್ಡ ಚಾಚಿದ ಕಾಲು, ಉಗುರು ಒಡೆದ ಹೆಬ್ಬೆರಳು, ಮಾತು ಅತ್ತ ನಡೆದೇ ಇದೆ, ಈಗಲೂ ಹಾಗೇ ಡಾಕ್ಟ್ರೇ, ಹೆಬ್ಬೆರಳು ಇತ್ತ ನೆಲ ತಡಕುತ್ತಿದೆ — ಹೇಳಿಯೂ ಬಿಟ್ಟಳು, ಇದ್ದಾಳೆ ಕೂಡ, ಎರಡೂ ಹೇಗೆ, ಎರಡೂ ಒಟ್ಟಿಗೆ ಹೇಗೆ — ಬೆಳಕಿನ ಗೆರೆ, ಗೆರೆಯ ಮೇಲೆ ಅಕ್ಕನ ಹೆಬ್ಬೆರಳು, ಅಲುಗದೆ, ಕಾಯುತ್ತಾ, ಅಕ್ಕನ ಹೆಬ್ಬೆರಳು