ರೆಹೆಮಾಳ ತಾಯಿಯ ಬಟ್ಟಲು

ಹಾರ್ನ್—ಫಿಲಿಪನದ್ದಲ್ಲ, ಟ್ಯಾಕ್ಸಿಯದ್ದು, ಮಸ್ಕತ್ತಿನ ಈ ರೂವಿಯ ಟ್ಯಾಕ್ಸಿಯವರು ರಸ್ತೆ ಬದಿ ನಿಂತವರನ್ನೆಲ್ಲ ಹಾರ್ನ್ ಹೊಡೆದೇ ಕರೆಯುತ್ತಾರೆ, ನಾನು ಕಿಟಕಿಗೆ ಬರುವುದು ಇದು ನಾಲ್ಕನೇ ಸಲ, ಬಿಳಿ ಕಾರು ಎಲ್ಲೂ ಇಲ್ಲ, ಐದಕ್ಕೆ ಬರ್ತೇನೆ ಇವ್ಲಿನ್ ಬಾಯ್, ಪಾರ್ಸೆಲ್ ರೆಡಿ ಇಡಿ, ಏರ್‌ಪೋರ್ಟಿಗೆ ಲೇಟಾಗ್ತದೆ ಎಂದಿದ್ದಾನೆ, ಅಕ್ಕನನ್ನು ಕರೆದಂತೆ ನನ್ನನ್ನು ಬಾಯ್ ಎಂದೇ ಕರೆಯುತ್ತಾನೆ, ಈಗ ನಾಲ್ಕೂ ಇಪ್ಪತ್ತು, ಪಾರ್ಸೆಲ್ ಎಂದರೆ ಮೇಜಿನ ಮೇಲಿರುವ ಈ ಬಟ್ಟಲು, ಬಿಳಿ ಎನಾಮಲ್, ನೀಲಿ ಅಂಚು, ಒಂದು ಕಡೆ ಚಕ್ಕೆ ಎದ್ದು ಕಪ್ಪು ಕಾಣುತ್ತದೆ, ಎರಡು ತಿಂಗಳಿಂದ ನನ್ನ ಅಡುಗೆಮನೆಯಲ್ಲಿದೆ, ಇದರಲ್ಲಿ ಏನನ್ನೂ ಹಾಕಿಲ್ಲ, ಹಾಕುವುದೋ ಬೇಡವೋ ಎಂಬುದೇ ಪ್ರಶ್ನೆ, ಒಂದು ಬಟ್ಟಲಿಗೆ ಎಂತ ಇಷ್ಟು ತಲೆಬಿಸಿ ಮಾರಾಯ್ತಿ, ಸೂಕ್ ಮಾರ್ಕೆಟಿನಲ್ಲಿ ಹೊಸತು ಸಿಗ್ತದೆ, ಒಂದು ಡಜನ್ ತೆಗೆದು ಕಳಿಸಿಬಿಡು ಎಂದು ನನ್ನ ಗಂಡ ಎಲಿಯಾಸ್ ಬೆಳಿಗ್ಗೆ ಟೈ ಕಟ್ಟಿಕೊಳ್ಳುತ್ತ ಹೇಳಿದರು, ಗಂಡಸರಿಗೆ ಎಷ್ಟು ಸುಲಭ, ಡಜನ್ ಬಟ್ಟಲು ಹೋದರೆ ಡಜನ್ ಬಟ್ಟಲೂ ತುಂಬಿಕೊಂಡು ಹಿಂದೆ ಬರುತ್ತವೆ ಎಂದು ಅವರಿಗೆ ಹೇಗೆ ಹೇಳುವುದು—ಮತ್ತೆ ಆ ದಾರಿ ಕಣ್ಣಿಗೆ ಬರುತ್ತದೆ, ಕೆಂಪು ಮಣ್ಣು, ಹುತ್ತದ ಹತ್ತಿರದ ತಿರುವು, ನಾಲ್ಕು ವರ್ಷದ ಹುಡುಗಿ, ಎರಡೂ ಕೈಯಲ್ಲಿ ಬಟ್ಟಲು, ಚೆಲ್ಲಬಾರದೆಂದು ನಾಲಿಗೆಯ ತುದಿಯನ್ನು ತುಟಿಯ ಮೂಲೆಯಲ್ಲಿ ಕಚ್ಚಿ ಹಿಡಿದು ನಿಧಾನವಾಗಿ ನಡೆದು ಬರುತ್ತಾಳೆ, ಬಟ್ಟಲಿನ ಮೇಲೆ ಹಳದಿ ಬಟ್ಟೆ, ಒಳಗೆ ಏನಿದೆ ಎಂದು ಜಗಲಿಯಲ್ಲಿ ನಿಂತ ನನಗೆ ಕುತೂಹಲ.

ಜನವರಿಯಲ್ಲಿ ಇಲ್ಲಿನ ಚರ್ಚಿನಿಂದ ಹತ್ತು ಜನ ಹೋಗಿದ್ದೆವು, ತಾಂಜಾನಿಯಾದ ಒಳನಾಡಿನ ಹಳ್ಳಿ, ಮೂರು ವಾರ, ಫಿಲಿಪ್ ಮುಖ್ಯಸ್ಥ, ಹಾಲಿನ ಪುಡಿ, ಹುಳದ ಮಾತ್ರೆ, ಮಕ್ಕಳ ಅಂಗಿಗಳ ಪೆಟ್ಟಿಗೆಗಳು, ಅಲ್ಲಿ ದವಾಖಾನೆ ನಡೆಸುವವರು ನಮ್ಮ ಕಿನ್ನಿಗೋಳಿ ಕಡೆಯ ಸಿಸ್ಟರ್ ಕ್ಲೆಮೆಂಟಿನಾ, ನಾನು ಹೋಮ್ ಸೈನ್ಸ್ ಓದಿದವಳೆಂದು ಮಕ್ಕಳ ತೂಕ ನೋಡುವ ಕೆಲಸ ನನಗೆ ಬಂತು, ಮಾವಿನ ಕೊಂಬೆಗೆ ತೂಗುಹಾಕಿದ ತಕ್ಕಡಿ, ಗಡಿಯಾರದಂಥ ಮುಖ, ಚಡ್ಡಿಯಂಥ ಚೀಲದಲ್ಲಿ ಮಗುವನ್ನು ಇಳಿಬಿಟ್ಟರೆ ಮುಳ್ಳು ನಡುಗಿ ನಡುಗಿ ನಿಲ್ಲುತ್ತದೆ, ನಾನು ಉಸಿರು ಹಿಡಿದು ಕಾಯುತ್ತೇನೆ, ನನಗೆ ಎಲ್ಲದಕ್ಕೂ ಹೆದರಿಕೆ, ನೀರಿಗೆ, ಸೊಳ್ಳೆಗೆ, ತಪ್ಪು ಮಾತಿಗೆ, ಅದಕ್ಕೇ ಹೋಗುವ ಮೊದಲು ಕೆಳಗಿನ ಮನೆಯ ಸೌದಳ ಹತ್ತಿರ ಎರಡು ತಿಂಗಳು ಸ್ವಾಹಿಲಿ ಕಲಿತಿದ್ದೆ, ಸೌದ ಒಮಾನಿ, ಹುಟ್ಟಿ ಬೆಳೆದದ್ದು ಜಂಜಿಬಾರಿನಲ್ಲಿ, ಮನೆಯಲ್ಲಿ ಈಗಲೂ ಮಕ್ಕಳನ್ನು ಬಯ್ಯುವುದು ಸ್ವಾಹಿಲಿಯಲ್ಲೇ, ಬಾಗಿಲಲ್ಲಿ ನಿಂತು ಹೊಡಿ ಎನ್ನಬೇಕು, ಒಳಗೆ ಬರಲೇ ಎಂದು, ಒಳಗಿನವರು ಕರಿಬು, ಬನ್ನಿ, ಎನ್ನುತ್ತಾರೆ ಎಂದು ಕಲಿಸಿದ್ದಳು, ಯಾರನ್ನು ಹೊಡೆಯುದು ಬಾಯ್ ಎಂದು ಫಿಲಿಪ್ ವಿಮಾನದಲ್ಲಿ ದಾರಿಯುದ್ದಕ್ಕೂ ನಗಾಡಿದ, ಆದರೆ ಎರಡನೇ ದಿನ ಬೆಳಿಗ್ಗೆ ಅಷ್ಟು ಸಣ್ಣ ಸ್ವರದಲ್ಲಿ ಹೊಡಿ ಎಂದು ಕೇಳಿ ನಾನು ಹೊರಗೆ ಬಂದರೆ ಈ ಹುಡುಗಿ, ರೆಹೆಮಾ, ಎರಡೂ ಕೈಯಲ್ಲಿ ಬಟ್ಟಲು, ಬಟ್ಟೆ ಸರಿಸಿದರೆ ಆರು ಮೊಟ್ಟೆ, ಇನ್ನೂ ಬೆಚ್ಚಗಿದ್ದವು, ಅವಳ ತಾಯಿ ಕಳಿಸಿದ್ದು, ಅಲ್ಲಿ ಹೆಂಗಸರನ್ನು ಮಗುವಿನ ಹೆಸರಿನಿಂದ ಕರೆಯುತ್ತಾರೆ, ಮಾಮಾ ರೆಹೆಮಾ, ಅಂದರೆ ರೆಹೆಮಾಳ ಅಮ್ಮ, ಅವಳಿಗೆ ಇನ್ನೊಂದು ಹೆಸರಿದೆಯೋ ಏನೋ ನಾನು ಕೇಳಲೇ ಇಲ್ಲ, ಅಷ್ಟೆಲ್ಲ ಕೇಳುವವಳು ಅದೊಂದನ್ನು ಕೇಳಲಿಲ್ಲ, ಮತ್ತು ನಾನು—ಯೋಚಿಸಲೂ ಇಲ್ಲ, ಕೈ ತಾನಾಗಿ ಹೋಯಿತು—ಮೊಟ್ಟೆ ತೆಗೆದು ಬಟ್ಟಲು ತೊಳೆದು ಒರಸಿ ಅದರ ತುಂಬ ಸಕ್ಕರೆ ಹಾಕಿ ಕಳಿಸಿದೆ.

ಖಾಲಿ ಪಾತ್ರೆ ಹಿಂದೆ ಕೊಡಬಾರದು, ಅಮ್ಮ ಹೇಳಿದ್ದಲ್ಲ, ಅಮ್ಮ ಮಾಡಿ ತೋರಿಸಿದ್ದು, ಕ್ರಿಸ್ಮಸ್ಸಿಗೆ ಪಕ್ಕದ ಹೊನ್ನಪ್ಪಣ್ಣನ ಮನೆಗೆ ಕುಸ್ವಾರ್ ತಿಂಡಿ ಹೋದ ತಟ್ಟೆಯಲ್ಲಿ ಎಳೆ ಸೌತೆ ಬರುತ್ತಿತ್ತು, ಅವರ ಹಬ್ಬಕ್ಕೆ ಪಾಯಸ ಬಂದ ಪಾತ್ರೆಯಲ್ಲಿ ನಮ್ಮ ಬಾಳೆಹಣ್ಣು, ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ, ಅಂಥ ಮನೆಯಲ್ಲಿ ಬೆಳೆದವಳು ನಾನು, ಮತ್ತು ಆ ಹಳ್ಳಿಯ ಮಾಮಾ ರೆಹೆಮಾಳೂ ಅಂಥದೇ ಮನೆಯಲ್ಲಿ ಬೆಳೆದವಳು ಎಂದು ನನಗೇನು ಗೊತ್ತಿತ್ತು, ಸಕ್ಕರೆ ಹೋಯಿತು, ಎರಡು ದಿನಕ್ಕೆ ಬಟ್ಟಲು ಬಂತು, ನೆಲಗಡಲೆ, ನಾನು ಮಸ್ಕತ್ತಿನಿಂದ ಒಯ್ದ ಖರ್ಜೂರ ಹಾಕಿದೆ, ಮತ್ತೆ ಬಂತು, ಎಂಟು ಮೊಟ್ಟೆ, ನಾನು ಹಾಲಿನ ಪುಡಿ ಹಾಕಿದೆ, ಗೆಣಸು ಬಂತು, ಅಲ್ಲಿನ ಬೆಳಿಗ್ಗೆಗಳೆಂದರೆ ನನಗೆ ಅದೇ ಸಂತೋಷ, ಇವತ್ತು ಏನು ಎಂದು ಜಗಲಿಯಲ್ಲಿ ಕಾಯುವುದು, ಹುತ್ತದ ತಿರುವಿನಲ್ಲಿ ಹಳದಿ ಬಟ್ಟೆ ಕಂಡರೆ ಉಳಿದವರನ್ನೂ ಕರೆದು ಊಹೆ ಮಾಡಿ ನೋಡುವ ಎನ್ನುವುದು, ಮೊಟ್ಟೆಗಳನ್ನು ನಾವು ಈರುಳ್ಳಿ ಹಾಕಿ ಹುರಿದು ತಿಂದೆವು, ರುಚಿಯಾಗಿದ್ದವು, ದೇವರೇ, ಎಷ್ಟು ರುಚಿಯಾಗಿದ್ದವು, ಸೋಮವಾರ ತೂಕ, ರೆಹೆಮಾ ಹನ್ನೆರಡು ಕಿಲೋ ನಾನೂರು, ಮುಂದಿನ ಸೋಮವಾರ ಹನ್ನೆರಡು ಕಿಲೋ ನೂರು, ಉಳಿದ ಮಕ್ಕಳೆಲ್ಲ ಏರಿದ್ದರು, ತಕ್ಕಡಿಯೇ ಸರಿಯಿಲ್ಲವೆಂದು ಎರಡು ಸಲ ಹಾಕಿದೆ, ಮೂರನೇ ಸೋಮವಾರ ಹನ್ನೊಂದು ಎಂಟುನೂರು, ಹುಳ ಇರಬಹುದೆಂದು ಮಾತ್ರೆ ಕೊಟ್ಟೆ, ಎಷ್ಟು ಓದಿದರೇನು.

ಪಟ್ಟಣಕ್ಕೆ ಹೋಗಿದ್ದ ಸಿಸ್ಟರ್ ಅದೇ ಸಂಜೆ ಬಂದರು, ಪುಸ್ತಕ ನೋಡಿದರು, ನನ್ನ ಮುಖ ನೋಡಿದರು, ಅಡುಗೆಮನೆಯಲ್ಲಿದ್ದ ಬಟ್ಟಲನ್ನು ನೋಡಿದರು, ಇವ್ಲಿನ್, ಇದರಲ್ಲಿ ಸಕ್ಕರೆ ಹಾಕಿ ಕಳಿಸಿದ್ದು ನೀನಾ, ಹೌದು ಸಿಸ್ಟರ್, ಖಾಲಿ ಹೇಗೆ ಕಳಿಸುದು, ಅಯ್ಯೋ ಹುಡುಗಿ, ಅವಳಿಗಿರುದು ಎರಡೇ ಕೋಳಿ, ಜೋಳ ಕೊಯ್ಲಿಕ್ಕೆ ಇನ್ನೂ ಮೂರು ತಿಂಗಳುಂಟು, ನಿನ್ನ ಸಕ್ಕರೆ ಖರ್ಜೂರ ಎಲ್ಲ ಅವಳು ಮನೆಮನೆಗೆ ಕೊಟ್ಟು ಮೊಟ್ಟೆ ಒಟ್ಟು ಮಾಡ್ತಿದ್ದಾಳೆ, ಬಟ್ಟಲು ತುಂಬಬೇಕಲ್ಲ, ಮಗುವಿನ ಪಾಲಿನ ಗೆಣಸೂ ಇದಕ್ಕೇ ಬಂತು, ನಿಮ್ಮಿಬ್ಬರ ಮರ್ಯಾದೆಯಲ್ಲಿ ಆ ಹೆಣ್ಣುಮಗು ಒಣಗ್ತಾ ಉಂಟು—ಕೊನೆಯ ಸಲವೆಂದು ಒಂದು ಹಿಡಿ ಸಕ್ಕರೆ ಹಾಕಿ ಬಟ್ಟಲು ಹಿಂದೆ ಕಳಿಸಿದೆ, ಇನ್ನು ತೆಗೆದುಕೊಳ್ಳಬಾರದು ಎಂದುಕೊಂಡೆ, ಆದರೆ ಹೊರಡುವ ದಿನ, ಜೀಪು ಚಾಲೂ ಆಗಿತ್ತು, ಹುತ್ತದ ತಿರುವಿನಲ್ಲಿ ಮತ್ತೆ ಅವಳು, ಎರಡೂ ಕೈ, ನಾಲಿಗೆಯ ತುದಿ, ಓಡಬಾರದು ಚೆಲ್ಲುತ್ತದೆ, ಓಡದಿದ್ದರೆ ಜೀಪು ಹೋಗುತ್ತದೆ, ಹಾಗೆ ಅರ್ಧ ಓಡುತ್ತ ಅರ್ಧ ನಡೆಯುತ್ತ ಬಂದು ಕಿಟಕಿಗೆ ಎತ್ತಿದಳು, ಹುರಿದ ನೆಲಗಡಲೆ, ಬಟ್ಟೆ ಬಿಚ್ಚಿ ಬರಿದು ಮಾಡುವಷ್ಟರಲ್ಲಿ ಡ್ರೈವರ್ ಹೊರಟೇಬಿಟ್ಟ, ಹೀಗೆ ಈ ಬಟ್ಟಲು ರೂವಿಗೆ ಬಂತು, ಮತ್ತು ಕಳೆದ ವಾರ ಸಿಸ್ಟರ್ ಕಾಗದ, ರೆಹೆಮಾ ಹದಿಮೂರು ಕಿಲೋ, ಇನ್ನೂ ಕೊಯ್ಲಾಗಿಲ್ಲ, ಆದರೂ ಹದಿಮೂರು, ಬಟ್ಟಲು ನಿನ್ನಲ್ಲಿ ಇರುದೇ ಒಳ್ಳೆದಾಯ್ತು ಎಂದು ಬರೆದು ಕೆಳಗೆ, ಆದರೆ ಅವಳು ದಿನಾ ಕೇಳ್ತಾಳೆ, ಅವಳ ಮದುವೆಯಲ್ಲಿ ತಾಯಿ ಕೊಟ್ಟದ್ದಂತೆ.

ತಾಯಿ ಕೊಟ್ಟದ್ದು, ಅದನ್ನು ಇಟ್ಟುಕೊಂಡರೆ ಕಳ್ಳತನ, ತುಂಬಿ ಕಳಿಸಿದರೆ ಇವತ್ತು ಮತ್ತೆ ಅಲ್ಲಿಗೆ ಹೊರಟ ಫಿಲಿಪನ ತಂಡದ ಜಗಲಿಗೆ ಅದು ತುಂಬಿಕೊಂಡು ಬರುತ್ತದೆ, ಮತ್ತೆ ಮುಳ್ಳು ಇಳಿಯುತ್ತದೆ, ಖಾಲಿ ಕಳಿಸಿದರೆ ಆ ಹೆಂಗಸಿನ ಮುಖಕ್ಕೆ—ನಿನ್ನೆ ಸೌದಳನ್ನು ಕೇಳಿದೆ, ಅವಳು ನಕ್ಕು ನಕ್ಕು ಕೆಮ್ಮಿದಳು, ಎರಡು ಹೆಂಗಸರು, ಒಂದು ಬಟ್ಟಲು, ಇದು ಕಿಯಾಮತ್ತಿನ ದಿನದವರೆಗೂ ಮುಗಿಯುವುದಿಲ್ಲ, ನಮ್ಮಲ್ಲೂ ಖಾಲಿ ಕಳಿಸುವುದಿಲ್ಲ, ನೀನು ಹೀಗೆ ಮಾಡು, ಖಾಲಿ ಕೊಟ್ಟುಬಿಡು, ಅಲ್ಲಿ ಹೋದ ಮೇಲೆ ನಿಮ್ಮವರು ಅದೇ ಬಟ್ಟಲಿನಲ್ಲಿ ಆ ಮಗುವಿಗೆ ಗಂಜಿ ಉಣ್ಣಿಸಲಿ, ಅವಳು ನೆಕ್ಕಿ ಬರಿದು ಮಾಡಿ ಮನೆಗೆ ಒಯ್ಯಲಿ, ಉಂಡ ಬಟ್ಟಲು ಖಾಲಿ ಬಟ್ಟಲಲ್ಲ, ಖಲಾಸ್, ಅಷ್ಟು ಸರಳ, ನನಗೇಕೆ ಹೊಳೆಯಲಿಲ್ಲ, ಈಗ ಬಟ್ಟಲನ್ನು ಮತ್ತೆ ತೊಳೆದು ಒರಸಿದೆ, ಹಳದಿ ಬಟ್ಟೆ ಮಡಚಿಟ್ಟೆ, ಸಕ್ಕರೆ ಡಬ್ಬವನ್ನು ಮೇಲಿನ ಶೆಲ್ಫಿಗೆ ಏರಿಸಿದೆ, ನನ್ನ ಕೈಯನ್ನು ನನಗೇ ನಂಬಿಕೆಯಿಲ್ಲ, ಫಿಲಿಪನಿಗೆ ಹೇಳಬೇಕಾದ ಮಾತನ್ನು ಮೂರು ಸಲ ಹೇಳಿ ನೋಡಿಕೊಂಡೆ, ಏನೂ ಹಾಕಬೇಡಿ, ಮಗುವಿಗೆ ಇದರಲ್ಲೇ ಉಣ್ಣಿಸಿ, ಕಾರಣ ಸಿಸ್ಟರ್ ಹೇಳ್ತಾರೆ—

ಹಾರ್ನ್, ಇದು ಅವನದೇ, ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತೇನೆ, ಕಾರಿನ ಹಿಂದಿನ ಸೀಟೆಲ್ಲ ಪೆಟ್ಟಿಗೆ, ಫಿಲಿಪ್ ಸ್ಟೇರಿಂಗ್ ಬಿಡದೆ ಒಂದು ಕೈ ಚಾಚುತ್ತಾನೆ, ಇದೆಂತ, ಬಟ್ಟಲಾ, ಹೋ, ಆ ಮೊಟ್ಟೆಯಮ್ಮನದ್ದು, ಹಳದಿ ಬಟ್ಟೆ ಎತ್ತಿ ನೋಡುತ್ತಾನೆ, ಛೆ ಬಾಯ್, ಖಾಲಿಯಾ, ತಪಸ್ಸು ಕಾಲದಲ್ಲಿ ನಿಮಗೆ ಉಪವಾಸ ಸರಿ, ಪಾತ್ರೆಗೂ ಉಪವಾಸವಾ, ನಿಮ್ಮ ಅಮ್ಮ ಕೇಳಿದರೆ ಎಂತ ಹೇಳಿಯಾರು, ನಗುತ್ತ ಪಕ್ಕದ ಸೀಟಿನ ಚೀಲಕ್ಕೆ ಕೈ ಹಾಕಿ ಒಂದು ಹಿಡಿ, ಎರಡು ಹಿಡಿ, ಖರ್ಜೂರ, ಅಂಚಿನವರೆಗೆ, ಮೇಲೆ ಬಟ್ಟೆ, ನನ್ನ ಮಾತು ನಾಲಿಗೆಯ ಮೇಲೇ ಇದೆ, ಏನೂ ಹಾಕಬೇಡಿ, ಮೂರು ಸಲ ಹೇಳಿ ನೋಡಿಕೊಂಡದ್ದು, ಹಿಂದಿನ ಟ್ಯಾಕ್ಸಿಯವನು ಯಲ್ಲಾ ಯಲ್ಲಾ ಎಂದು ಅವಸರಿಸುತ್ತಾನೆ, ನಾನು ಬಾಯಿ ತೆರೆಯುತ್ತೇನೆ, ಹುಷಾರಾಗಿ ಹೋಗಿ ಬನ್ನಿ ಫಿಲಿಪ್ ಎನ್ನುತ್ತೇನೆ, ಇಷ್ಟೇ ಎನ್ನುತ್ತೇನೆ, ಕಾರು ತಿರುಗುತ್ತದೆ, ಬಸ್ ಸ್ಟ್ಯಾಂಡಿನ ಕಡೆ ಸಣ್ಣದಾಗುತ್ತದೆ, ಎದೆಯಲ್ಲಿ ಏನೋ ಇಳಿದಂತೆ ಹಗುರ, ಎರಡು ತಿಂಗಳಲ್ಲಿ ಮೊದಲ ಸಲ ಹಗುರ, ತುಂಬಿ ಕಳಿಸಿದೆನಲ್ಲ, ನಾನಲ್ಲ ಅವನು, ಆದರೂ ಖಾಲಿ ಹೋಗಲಿಲ್ಲವಲ್ಲ ಎಂಬ ಹಗುರ, ಅದು ನಾಚಿಕೆಯಾಗಲು ಎಷ್ಟು ಹೊತ್ತು, ಫೋನ್ ಮಾಡಬಹುದೇ, ಯಾವ ಫೋನ್, ಅವನು ನೇರ ವಿಮಾನಕ್ಕೆ, ಹಳ್ಳಿಯಲ್ಲಿ ಫೋನಿಲ್ಲ, ಸಿಸ್ಟರಿಗೆ ಕಾಗದ ಬರೆದರೆ ಮೂರು ವಾರ, ಮೂರು ವಾರವೆಂದರೆ ಮೂರು ಸೋಮವಾರ, ಮುಳ್ಳು ನಡುಗಿ ನಡುಗಿ, ಇಲ್ಲ, ಸಿಸ್ಟರ್ ನೋಡಿ ತಡೆಯುತ್ತಾರೆ, ಅವರು ಪಟ್ಟಣಕ್ಕೆ ಹೋಗದಿದ್ದರೆ ತಡೆಯುತ್ತಾರೆ, ಹುಡುಗಿ ಒಂದು ಕೈಯಲ್ಲಿ ಬಟ್ಟಲು ಬೀಸುತ್ತ ಕುಣಿಯುತ್ತ ಮನೆಗೆ ಹೋಗುವುದನ್ನು ಕಲ್ಪಿಸಿಕೊಳ್ಳಲು ನೋಡುತ್ತೇನೆ, ಒಂದು ಕೈ, ಖಾಲಿ ಬಟ್ಟಲು ಹಿಡಿಯಲು ಒಂದು ಕೈ ಸಾಕು, ಕಣ್ಣು ಮುಚ್ಚಿ ನೋಡುತ್ತೇನೆ, ಕೆಂಪು ಮಣ್ಣು, ಹುತ್ತ, ತಿರುವು, ಹಳದಿ ಬಟ್ಟೆ, ನಾಲಿಗೆಯ ತುದಿ, ಎರಡೂ ಕೈ, ಇನ್ನೊಮ್ಮೆ ನೋಡುತ್ತೇನೆ, ಎರಡೂ ಕೈ, ನಿಧಾನವಾಗಿ, ಚೆಲ್ಲದಂತೆ ಬರುತ್ತಿದ್ದಾಳೆ, ಇವತ್ತು ಒಳಗೆ ಏನಿರಬಹುದು—