ಬಾದಾಮಿ ಮರಕ್ಕೆ ಇಟ್ಟ ಇಂಗು

"ಆ ಹೆಗಲು ಬೇಡ!" ಎನ್ನುತ್ತ ಬಚ್ಚಮ್ಮ ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು.

ಎತ್ತಲು ಬಗ್ಗಿದ್ದವರು ಬಗ್ಗಿದಂತೆಯೇ ನಿಂತರು. ತಲೆಯ ಕಡೆ ಬಿದಿರಿಗೆ ಕೈ ಹಾಕಿದ್ದವನು ಪಕ್ಕದ ಮನೆಯ ಗೌಸ್ ಮೊಹಿದ್ದೀನ್, ತಗಡಿನ ಕೆಲಸದವನು. ಈಗ ಚಟ್ಟದ ಮೇಲೆ ಮಲಗಿದ್ದ ಅಪ್ಪಾಜಪ್ಪನ ಜೊತೆ ವೇಮಗಲ್ಲಿನ ಬಸ್‌ಸ್ಟಾಂಡಿನಲ್ಲಿ ಒಂದೇ ಟೀಯನ್ನು ಅರ್ಧರ್ಧ ಮಾಡಿ ಕುಡಿಯುತ್ತ ಮುದುಕನಾದವನು.

"ಅಮ್ಮಾ, ಜನ ನೋಡ್ತಾವ್ರೆ," ಮಗ ನಂದಕುಮಾರ್ ಹಲ್ಲು ಕಚ್ಚಿ ಹೇಳಿದ.

"ನೋಡ್ಲಿ. ಈವಯ್ಯ ನಮ್ಮೆಜಮಾನ್ರ ಎದೆ ಮೇಲೆ ಕೈ ಇಟ್ಟು ಆಣೆ ಮಾಡ್ಲಿ, ನನ್ ಮರಕ್ಕೆ ಇಂಗು ಇಟ್ಟಿಲ್ಲ ಅಂತ. ಆಮೇಲೆ ಎತ್ಲಿ."

ಅಂಗಳದ ಬಾದಾಮಿ ಮರ ಒಂದೆಲೆಯೂ ಇಲ್ಲದೆ ನಿಂತಿತ್ತು. ಪ್ರತಿ ಚಳಿಗಾಲಕ್ಕೂ ಕೆಂಪಾಗಿ ಉದುರಿ, ಯುಗಾದಿಯೊಳಗೆ ಚಿಗುರುತ್ತಿದ್ದ ಮರ. ಈ ಸಲ ಚಿಗುರಲಿಲ್ಲ. ಬುಡದಲ್ಲಿ ಯಾರೋ ಉಳಿಯಿಂದ ತೂತು ಕೊರೆದು ಮಣ್ಣು ಮೆತ್ತಿದ್ದರು. ಬಚ್ಚಮ್ಮ ಮಣ್ಣು ಕೆದರಿದಾಗ ಗಮ್ಮನೆ ಇಂಗಿನ ವಾಸನೆ ಹೊಡೆದಿತ್ತು. ಕೊಡಲಿ ಮುಟ್ಟದೆ ಮರ ಕೊಲ್ಲುವವರು ಹೀಗೆಯೇ ಮಾಡುವುದು. ನೆರಳಿಲ್ಲದ ಅಂಗಳಕ್ಕೆ ಇಂದು ಶಾಮಿಯಾನ ತರಿಸಬೇಕಾಗಿ ಬಂದಿತ್ತು.

ಗೌಸ್ ಬಿದಿರಿನಿಂದ ಕೈ ತೆಗೆದ. "ಆಣೆ ಗೀಣೆ ಬೇಡಕ್ಕಾ. ನಾನು ಹಿಂದೆ ನಡ್ಕೊಂಡು ಬರ್ತೀನಿ ಬಿಡಿ."

"ಕೇಳಿದ್ರಾ? ಕೈ ಇಡೋಕೆ ಭಯ!"

"ಅಯ್ಯೋ ಪಾಪಂ, ಸುಮ್ನಿರು ವದಿನಾ," ಮುಳಬಾಗಿಲಿನಿಂದ ಬಂದಿದ್ದ ನಾದಿನಿ ಆಂಜಿನಮ್ಮ ಅವಳ ರಟ್ಟೆ ಹಿಡಿದಳು. "ಅಣ್ಣನ್ನ ಮಣ್ಣು ಮಾಡಿ ಬರ್ಲಿ, ಮರದ ಪಂಚಾಯ್ತಿ ಆಮೇಲೆ ಮಾಡಣ."

"ನಿನ್ ಮೇಲೂ ಅನುಮಾನ ಇದೆ ಕಣೇ ನಂಗೆ. ಹೋದ್ಸಲ ಬಂದಾಗ ಎಲೆ ಗುಡಿಸಿ ಗುಡಿಸಿ ಸೊಂಟ ಬಿತ್ತು ಅಂತಿದ್ದೆ."

ಯಾರೋ ನಗಲು ಹೋಗಿ ಕೆಮ್ಮಿದರು.

*

ಮದುವೆಯಾಗಿ ಬಂದ ವರ್ಷ ಬಚ್ಚಮ್ಮನೇ ನೆಟ್ಟ ಗಿಡ ಅದು. ಮನೆ ಮುಂದೆ ಬಾದಾಮಿ ಯಾಕಿರಬೇಕು ಎಂದು ಬಂದವರಿಗೆಲ್ಲ ಹೇಳುವುದು ಅವಳಿಗೊಂದು ಸಡಗರ. ಕೊಡೆಯ ಮೇಲೆ ಕೊಡೆ ಹಿಡಿದಂಥ ನೆರಳು. ಉದುರಿದ ಎಲೆ ಹಂಡೆಯ ಒಲೆಗೆ. ಸೌದೆ ಕೊಂಡವರೇ ಅಲ್ಲ. ಅವಳ ನಂದಕುಮಾರನೂ ಗೌಸನ ಮಗ ರಹೀಲನೂ ಕಾಯಿ ಜಜ್ಜಿ, ಒಳಗಿನ ಬೀಜಕ್ಕೆ ಕಿತ್ತಾಡಿ ಬೆಳೆದವರು. ರಾಗಿ ಕೇರುವಾಗ ಅವಳ ಎದುರಿಗೆ ಗೌಸನ ಹೆಂಡತಿ ಗೌಹರ್ ಕೂತಿರುತ್ತಿದ್ದಳು.

ಅಪ್ಪಾಜಪ್ಪ ಪಂಚಾಯ್ತಿಯ ವಾಟರ್‌ಮ್ಯಾನ್. ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವವನು. ನೀರು ಬಂದ ಬೀದಿ ಅವನನ್ನು ಮರೆಯುತ್ತಿತ್ತು, ಬಾರದ ಬೀದಿ ಬೈಯುತ್ತಿತ್ತು. ಎಲ್ಲರಿಗೂ ಅವನದು ಒಂದೇ ಉತ್ತರ, "ಆಯ್ತಮ್ಮ." ಮನೆಯಲ್ಲೂ ಅಷ್ಟೇ. "ಅಪ್ಪಾ, ಮರ ತೆಗೆದ್ರೆ ಎರಡು ರೂಮ್ ಏಳ್ತವೆ, ನರಸಾಪುರದ ಕಂಪನಿ ಹುಡುಗ್ರು ಬಾಡಿಗೆಗೆ ಬರ್ತಾರೆ," ಎಂದು ಮಗ ಹೇಳಿದಾಗ, "ಆಯ್ತು" ಎಂದ. "ಮರ ಮುಟ್ಟಿದ್ರೆ ನಾನು ಸುಮ್ನಿರಲ್ಲ," ಎಂದು ಹೆಂಡತಿ ಎಗರಿದಾಗಲೂ "ಆಯ್ತು" ಎಂದ.

ತೂತು ಕಂಡ ದಿನ ಬಚ್ಚಮ್ಮ ಅಂಗಳದಲ್ಲಿ ನಿಂತು, "ಉಳಿ ಇರೋದು ತಗಡು ಬಡಿಯೋನ ಮನೇಲೇ!" ಎಂದು ಗಂಟಲು ಹರಿಯುವವರೆಗೆ ಕೂಗಿದ್ದಳು. ಗೌಸ್ ಬಾಗಿಲು ಹಾಕಿಕೊಂಡ. ಅಪ್ಪಾಜಪ್ಪ ಜಗಲಿಯ ಮೇಲೆ ಉಗುರು ನೋಡಿಕೊಳ್ಳುತ್ತ ಕೂತಿದ್ದ. ಗಂಡನೂ ತನ್ನ ಕಡೆಯೇ ಎಂದು ಅವಳು ತಿಳಿದಳು. ಅಂದಿನಿಂದ ಗೌಹರಳ ಜೊತೆ ಮಾತಿಲ್ಲ.

*

"ಹಂಗಾದ್ರೆ ನೀನು ಮಾಡೋ ಆಣೆ," ಬಚ್ಚಮ್ಮ ಮಗನ ಕಡೆ ತಿರುಗಿದಳು. "ರೂಮ್ ಆಸೆ ನಿಂದು."

ನಂದಕುಮಾರನ ಮುಖ ಕಪ್ಪಿಟ್ಟಿತು. ಮಂಡಿಯೂರಿ ಅಪ್ಪನ ಎದೆಯ ಮೇಲೆ ಅಂಗೈ ಇಟ್ಟ. "ನಾನಲ್ಲಮ್ಮ," ಎಂದ.

ಇನ್ನು ಉಳಿದವನು ಒಬ್ಬನೇ. ಎಲ್ಲರ ಕಣ್ಣೂ ಗೌಸನ ಮೇಲೆ ಬಿತ್ತು.

ಗೇಟಿನ ಆಚೆ ನಿಂತಿದ್ದ ಗೌಹರ್ ಒಳಗೆ ನುಗ್ಗಿ ಬಂದಳು. "ನಮ್ಮೋರು ಮಾತು ಕೊಟ್ಟವ್ರೆ, ಅದಕ್ಕೇ ಬಾಯಿ ಬಿಡ್ತಿಲ್ಲ! ಇಂಗು ಇಟ್ಟಿದ್ದು ಅಣ್ಣಾನೇ!"

"ಚುಪ್!" ಗೌಸ್ ಗದರಿದ.

"ಸತ್ತೋರ ಮೇಲೆ ಹಾಕ್ತೀಯೇನೇ?" ಬಚ್ಚಮ್ಮ ಕೂಗಿದಳು. "ಎದ್ ಬಂದು ಇಲ್ಲ ಅನ್ನಲ್ಲ ಅಂತಾನಾ?"

"ನಿಮ್ ಎಲೆ ಗುಡ್ಡೆ ಸರಿಸಿ ನೋಡಿ ಅಕ್ಕಾ."

ಒಲೆಗೆಂದು ಮರದ ಹಿಂದೆ, ಗೌಸನ ಮನೆಯ ಗೋಡೆಗೆ ಒತ್ತಿ, ಬಚ್ಚಮ್ಮ ವರ್ಷವಿಡೀ ಒಟ್ಟುತ್ತಿದ್ದ ಒಣ ಎಲೆ. ನಂದಕುಮಾರ್ ಎರಡೂ ಕೈಯಲ್ಲಿ ಎಳೆದು ಹಾಕಿದ. ಗೋಡೆ ಬುಡದಿಂದ ಸೀಳಿತ್ತು. ಕೈ ತೂರುವಷ್ಟು ಬಿರುಕು. ಬೇರು ಅದರೊಳಗೇ ಹೊಕ್ಕಿತ್ತು.

"ಒಳಗೆ ರಹೀಲನ ಮಗೂದು ತೊಟ್ಟಿಲು ಇತ್ತು. ತೊಟ್ಟಿಲ ಮೇಲೇ ಮಣ್ಣು ಉದುರೋದು. ಆ ಮರ ಅಕ್ಕನ ಪ್ರಾಣ, ಗೋಡೆ ಬೇರೆ ಕಡೆ ಕಟ್ಕೊಳ್ಳಣ ಅಂದ್ರು ಇವ್ರು. ಅಣ್ಣ ಬಂದು ನೋಡಿ ಅತ್ಬಿಟ್ರು. ಅವಳಿಗೆ ಹೇಳೋಕೆ ನನ್ ಕೈಲಾಗಲ್ಲ ಅಂದ್ರು."

ಬಚ್ಚಮ್ಮ ನಂಬಲಿಲ್ಲ. ನಂಬಬಾರದೆಂದೇ ಬಿರುಕನ್ನು ನೋಡುತ್ತ ನಿಂತಳು.

*

ಸಂಕ್ರಾಂತಿಗೆ ಮುಂಚೆ ಉಪ್ಪಿನಕಾಯಿಗೆ ಗಟ್ಟಿ ಇಂಗು ತರಲು ಹೇಳಿದ್ದಳು. ಅಪ್ಪಾಜಪ್ಪ ತಂದ ಪೊಟ್ಟಣದಲ್ಲಿ ಇದ್ದದ್ದು ಗೋಲಿಯಷ್ಟು. "ಅಂಗಡಿಯೋನು ಇಷ್ಟೇ ಕೊಟ್ಟ," ಎಂದಿದ್ದ. ಅವಳು ಆ ಪೊಟ್ಟಣವನ್ನೇ ಹಿಡಿದುಕೊಂಡು ಹೋಗಿ ಅಂಗಡಿಯ ಮುನಿರಾಮಪ್ಪನಿಗೆ ಬೀದಿಗೆಲ್ಲ ಕೇಳುವಂತೆ ಮರ್ಯಾದೆ ಮಾಡಿ ಬಂದಿದ್ದಳು. ಅಂದೂ ಗಂಡ ಉಗುರು ನೋಡಿಕೊಳ್ಳುತ್ತ ಕೂತಿದ್ದ.

*

ಅವಳು ಚಟ್ಟದ ಬಿದಿರು ಹಿಡಿದು ಪಕ್ಕದಲ್ಲೇ ಕೂತಳು. "ನನ್ ಬಾಯಿಗೆ ಅಷ್ಟು ಹೆದರ್ತಿದ್ರಾ?" ಎಂದಳು, ಗಂಡನಿಗೆ ಮಾತ್ರ ಕೇಳುವ ಹಾಗೆ. "ಆ ಮನುಷ್ಯನ್ನ ನಾನು ಬಾಯಿಗೆ ಬಂದಂಗೆ ಬೈತಿದ್ರೆ, ಕೇಳ್ಕೊಂಡು ಮುದ್ದೆ ನುಂಗಿದ್ರಲ್ಲ." ಮೂಗಿಗೆ ಹತ್ತಿ ಇಟ್ಟ ಆ ಮುಖ ಇನ್ನೇನು "ಆಯ್ತು" ಎನ್ನುವಂತಿತ್ತು.

"ನೀವಾದ್ರೂ ಆಣೆ ಮಾಡಿ ಅನುಮಾನ ಕಳ್ಕೋಬಹುದಿತ್ತಲ್ಲ," ತಲೆ ಎತ್ತದೆ ಗೌಸನನ್ನು ಕೇಳಿದಳು.

"ನಾನಲ್ಲ ಅಂದ್ರೆ ಮತ್ಯಾರು ಅಂತೀರಿ," ಎಂದ ಗೌಸ್. "ಹೋಗೋವಾಗ ಅವನ ಮಾನ ನಾನು ತೆಗೀಲಾ?"

ಬಚ್ಚಮ್ಮ ಬಿದಿರು ಬಿಟ್ಟಳು. "ಹಿಡ್ಕೊಳಿ ಗೌಸಣ್ಣ. ತಲೆ ಕಡೇನೇ ಹಿಡ್ಕೊಳಿ."

ತಮಟೆ ಸದ್ದು ಬೀದಿಯ ತಿರುವಿನಲ್ಲಿ ಮರೆಯಾಯಿತು. ಹೆಂಗಸರು ಅಂಗಳಕ್ಕೆ ನೀರು ಸುರಿಯತೊಡಗಿದರು.

"ಒಳಗೆ ಬಂದು ನೋಡ್ತೀರಾ ಅಕ್ಕಾ?" ಗೌಹರ್ ಕೇಳಿದಳು.

"ಸೂತಕದೋಳು ಕೂಸಿರೋ ಮನೆ ಹೊಸ್ತಿಲು ತುಳೀಬಾರ್ದು."

ಹಾಗೆಂದವಳು ಗೋಡೆಯ ಬುಡಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಬಿರುಕಿಗೆ ಕಣ್ಣಿಟ್ಟಳು. ಮೊದಲು ಕತ್ತಲೆ. ಆಮೇಲೆ ಬೇರು ಕಂಡಿತು. ನೆಲ ಎಬ್ಬಿಸಿಕೊಂಡು ಕೋಣೆಯೊಳಗೆ ಬಂದು, ಮೊಣಕೈಯಂತೆ ಬಾಗಿ, ಮಂಡಿಯೆತ್ತರಕ್ಕೆ ನಿಂತಿತ್ತು. ಅದರ ಮೇಲೆ ಹಿಂಡಿ ಹರವಿದ್ದ ಮಗುವಿನ ಜುಬ್ಬಾ, ಪಕ್ಕದಲ್ಲೊಂದು ಅಂಗೈಯಗಲದ ಟೋಪಿ. ಟೋಪಿಯ ಅಂಚಿನಿಂದ ನೀರು ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.