ಉರಿಮೂತ್ರಕ್ಕೆ ಹೌದು ಎಂದವನು

ಆಸ್ಪತ್ರೆಗಳ ಕಡತ ಓದಿ ಇನ್ಶೂರೆನ್ಸಿಗಾಗಿ ಪ್ರತಿ ಕಾಯಿಲೆಗೂ ಒಂದು ಕೋಡ್ ಹಚ್ಚುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹೊಸಬರಿಗೆ ಕೆಲಸ ಕಲಿಸುವವನು ಅವನೇ, ಉಳಿದವರ ಕೆಲಸ ಪರಿಶೀಲಿಸಿ ಒಪ್ಪಿಗೆ ಕೊಡುವವನೂ ಅವನೇ. ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡ್, ನಿಮಗೆ ಗೊತ್ತಿರುವುದಕ್ಕಲ್ಲ ಎಂದು ಹೇಳಿ ಹೇಳಿ ಅವನ ಬಾಯಿ ಸವೆದಿತ್ತು.

ಆರು ತಿಂಗಳಿಂದ ಅವನ ಮೂತ್ರ ನೂಲಿನೆಳೆಯಂತೆ ಇಳಿಯುತ್ತಿತ್ತು. ಸಹೋದ್ಯೋಗಿಗಳ ಕಿವಿಗೆ ಬೀಳಬಾರದೆಂದು ಊರಿನ ಆ ತುದಿಯ ಆಸ್ಪತ್ರೆಗೆ ಹೋದ. ಯಂತ್ರಕ್ಕೆ ಜೋಡಿಸಿದ ಆಲಿಕೆಯೊಳಗೆ ಮೂತ್ರ ಮಾಡಿಸಿ ವೇಗ ಅಳೆದರು. ಔಷಧ ಹಾಯಿಸಿ ಎಕ್ಸ್‌ರೇ ತೆಗೆದರು. ಮೂತ್ರನಾಳ ಒಂದು ಕಡೆ ಗಾಯದ ಕಲೆಗಟ್ಟಿ ಕಿರಿದಾಗಿತ್ತು. ಸಣ್ಣ ಕ್ಯಾಮೆರಾ ತೂರಿಸಿ ಅಷ್ಟನ್ನು ಕೊಯ್ದು, ಮೂರು ದಿನ ಟ್ಯೂಬು ಹಾಕಿಟ್ಟು ಕಳಿಸಿದರು.

ವಿವರ ಬರೆದುಕೊಂಡ ಕಿರಿಯ ಡಾಕ್ಟರ್, ಹಿಂದೆ ಯಾವಾಗಲಾದರೂ ಉರಿಮೂತ್ರ ಆಗಿತ್ತೇ ಎಂದು ಕೇಳಿದ್ದ. ಬಿಸಿಲುಗಾಲದಲ್ಲಿ ಯಾರಿಗಾಗುವುದಿಲ್ಲ? ಹೌದು ಎಂದ. ಹತ್ತು ವರ್ಷದ ಹಿಂದೆ ಹರ್ನಿಯಾ ಆಪರೇಷನ್ನಿನಲ್ಲಿ ಮೂತ್ರನಾಳಕ್ಕೆ ಟ್ಯೂಬು ತೂರಿಸುವಾಗ ರಕ್ತ ಬಂದದ್ದನ್ನು ಹೇಳುವಷ್ಟರಲ್ಲಿ ಡಾಕ್ಟರ್ ಮುಂದಿನ ಮಂಚಕ್ಕೆ ದಾಟಿದ್ದ.

ಆ ಆಸ್ಪತ್ರೆಯ ಕಡತಗಳೂ ಈಗ ತನ್ನ ಕಚೇರಿಗೇ ಬರುತ್ತಿವೆ ಎಂಬುದು ಕೆಲಸಕ್ಕೆ ಮರಳಿದ ದಿನ ತಿಳಿಯಿತು. ಪಕ್ಕದ ಸೀಟಿನವಳು ತನ್ನ ಪರದೆಯನ್ನು ಅವನತ್ತ ತಿರುಗಿಸಿದಳು. ರೋಗಿಯ ಹೆಸರಿರಲಿಲ್ಲ, ವಯಸ್ಸು, ತಾರೀಖು, ಮಂಚದ ನಂಬರು ಎಲ್ಲ ಅವನದೇ. ಕಾರಣದ ಜಾಗದಲ್ಲಿ ‘ಹಳೆಯ ಲೈಂಗಿಕ ಸೋಂಕು’ ಎಂದಿತ್ತು. ಉರಿಮೂತ್ರಕ್ಕೆ ಅವನಂದ ಹೌದನ್ನು ಡಾಕ್ಟರ್ ಹೀಗೆ ಅರ್ಥ ಮಾಡಿಕೊಂಡಿದ್ದ.

“ಮಹಾನುಭಾವ ಎಲ್ಲೋ ಮೇಯ್ಕೊಂಡು ಬಂದಿದಾನೆ ಮೇಷ್ಟ್ರೇ,” ಎಂದಳು. “ಇದೇ ಒಕ್ಕಣೆ ಇನ್ಶೂರೆನ್ಸ್ ಕಾಗದದಲ್ಲಿ ಮನೆಗೆ ಹೋಗತ್ತಲ್ಲ, ಹೆಂಡ್ತಿ ಗ್ರಹಚಾರ ಬಿಡಿಸ್ತಾಳೆ.”

ಅವನು ಆ ಸಾಲನ್ನೇ ಮತ್ತೊಮ್ಮೆ ಓದಿದ. ಡಾಕ್ಟರನ್ನು ಒಂದು ಮಾತು ಕೇಳಿ ನೋಡೋಣವೇ ಎಂದ. ಅವಳಿಗೆ ಆಶ್ಚರ್ಯ. ಬರಹದಲ್ಲಿ ಗೊಂದಲವಿದ್ದರೆ ಮಾತ್ರ ಕೇಳಬೇಕೆಂದು ಅವನೇ ಕಲಿಸಿದ್ದ. ಇಲ್ಲಿ ಒಂದೊಂದು ಅಕ್ಷರವೂ ಮುತ್ತಿನಂತಿತ್ತು.

“ಯಾಕೆ, ನಿಮ್ಗೆ ಗುರುತಿನವ್ರಾ?”

ಹಿಂದಿನ ಸಾಲಿನ ಎರಡು ಕುರ್ಚಿಗಳು ಇತ್ತ ತಿರುಗಿದವು.

“ಛೆ, ನಂಗ್ಯಾರು ಗೊತ್ತು,” ಎಂದು ಪರಿಶೀಲಕನಾಗಿ ತನ್ನ ಒಪ್ಪಿಗೆಯ ಗುಂಡಿ ಒತ್ತಿಬಿಟ್ಟ.

ಮೆಟ್ಟಿಲ ಬಳಿ ನಿಂತು ಆಸ್ಪತ್ರೆಗೆ ಫೋನು ಮಾಡಿದರೆ, ತಿದ್ದುಪಡಿಗೆ ಆರು ವಾರ ಬೇಕು ಎಂದರು. ಇನ್ಶೂರೆನ್ಸ್ ಕಾಗದ ಮನೆಗೆ ಬರಲು ಆರು ದಿನ ಸಾಕಾಯಿತು.

ಹೆಂಡತಿ ಅದನ್ನು ಎರಡು ಸಲ ಓದಿ, ಮಡಿಕೆ ಇದ್ದಲ್ಲೇ ಮತ್ತೆ ಮಡಿಸಿದಳು. ಅವನು ಉರಿಯ ಕಥೆ, ಹರ್ನಿಯಾದ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಡಾಕ್ಟರನ ಅವಸರವನ್ನು ಬೈದ. ಆ ಆಪರೇಷನ್ನಿನ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದವಳು ಅವಳೇ. ನಂಬಬೇಕೆಂಬ ಆಸೆ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

“ಡಾಕ್ಟ್ರು ತಪ್ಪು ಬರೆದ್ರೆ ಹಿಡಿಯೋರು ಒಬ್ರು ಇದ್ದೇ ಇರ್ತಾರೆ ಅಂತಿದ್ರಲ್ಲ ನೀವು,” ಎಂದಳು. “ಇದನ್ನ ನೋಡಿ ಸರಿ ಅಂದೋರು ಯಾರು?”

ಅವನು ಮಡಿಸಿದ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡ.

“ನಾನೇ ಕಣೇ,” ಎಂದ.